ರಾಷ್ಟ್ರಪತಿಗಳ ಪ್ರಮಾಣವಚನ ಜುಲೈ 25ರಂದೇ ಯಾಕೆ?

ನಮ್ಮ ರಾಷ್ಟ್ರಪತಿಗಳೆಲ್ಲ ಜುಲೈ 25ರಂದೇ ಪ್ರಮಾಣವಚನ ಸ್ವೀಕರಿಸುತ್ತಾರಲ್ಲ, ಸಂವಿಧಾನದಲ್ಲೇ ಹಾಗಿದೆಯಾ ಅಂತ ಕೇಳಿದ್ದೀರಿ. ಇಲ್ಲ. ಅಧಿಕಾರ ವಹಿಸಿಕೊಂಡ ದಿನದಿಂದ ಐದು ವರ್ಷ ಅಂತ ಮಾತ್ರ ಅಲ್ಲಿದೆ.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ನಮ್ಮ ಜಮಖಂಡಿ ಕಡೆಯ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಆ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಸೋತು, ತುರ್ತು ಪರಿಸ್ಥಿತಿ ಮುಗಿದು, ಮೊರಾರ್ಜಿ ದೇಸಾಯಿ ಪ್ರಧಾನಿಯಾದಾಗ ಅವರಿಗೆ ಪ್ರಮಾಣವಚನ ಬೋಧಿಸಿದ್ದು ಇದೇ ಜತ್ತಿಯವರು. ಅಂಥ ಹೊತ್ತಿನಲ್ಲಿ ಆ ಕುರ್ಚಿಯಲ್ಲಿ ಒಬ್ಬ ಕನ್ನಡಿಗ ಇದ್ದರು ಅನ್ನೋದು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ರಾಷ್ಟ್ರಪತಿ ತೀರಿಕೊಂಡರೆ ಆರು ತಿಂಗಳೊಳಗೆ ಚುನಾವಣೆ ಆಗಬೇಕು. ನೀಲಂ ಸಂಜೀವ ರೆಡ್ಡಿ ಅವಿರೋಧವಾಗಿ ಆಯ್ಕೆಯಾಗಿ ಜುಲೈ 25ರಂದು ಅಧಿಕಾರ ವಹಿಸಿಕೊಂಡರು. ಅವರ ನಂತರ ಬಂದ ಯಾರ ಅವಧಿಯೂ ನಡುವೆ ನಿಂತಿಲ್ಲ. ಹಾಗಾಗಿ 1982ರ ಜೈಲ್ ಸಿಂಗ್‌ರಿಂದ 2022ರ ದ್ರೌಪದಿ ಮುರ್ಮುವರೆಗೆ ತಾರೀಖು ಅದೇ.

ಅದಕ್ಕೂ ಮೊದಲು ತಾರೀಖು ಬೇರೆಯಿತ್ತು. 1952ರಿಂದ 1967ರವರೆಗೆ ಮೇ 13. ಜಾಕಿರ್ ಹುಸೇನ್ 1969ರ ಮೇನಲ್ಲಿ ತೀರಿಕೊಂಡರು. ಆಮೇಲೆ ವಿ.ವಿ. ಗಿರಿ ಗೆದ್ದು ಬಂದಿದ್ದು ಆಗಸ್ಟ್ 24ಕ್ಕೆ. ಅಹ್ಮದ್ ಕೂಡ 1974ರ ಆಗಸ್ಟ್ 24ರಂದೇ ಬಂದರು.

ಅಮೆರಿಕದಲ್ಲಿ ಹೀಗಾಗುವುದಿಲ್ಲ. ಅಲ್ಲಿ ಅಧ್ಯಕ್ಷರು ಸತ್ತರೆ ಉಪಾಧ್ಯಕ್ಷರು ಉಳಿದ ಅವಧಿಯನ್ನಷ್ಟೇ ಮುಗಿಸುತ್ತಾರೆ. 1963ರ ನವೆಂಬರ್‌ನಲ್ಲಿ ಕೆನಡಿ ಹತ್ಯೆಯಾದಾಗ ಲಿಂಡನ್ ಜಾನ್ಸನ್ ವಿಮಾನದೊಳಗೇ ಪ್ರಮಾಣ ಮಾಡಿದರು. ಆದರೂ ಮುಂದಿನ ಸಮಾರಂಭ ಎಂದಿನಂತೆ 1965ರ ಜನವರಿ 20ಕ್ಕೇ ನಡೆಯಿತು. ನಮ್ಮಲ್ಲಿ ನಡುವೆ ಆಯ್ಕೆಯಾದವರಿಗೂ ಪೂರ್ತಿ ಐದು ವರ್ಷ ಸಿಗುತ್ತದೆ. ಲೆಕ್ಕ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ.

ಸಮಾರಂಭದ ಬಗ್ಗೆಯೂ ಒಂದೆರಡು ಮಾತು. 1950ರ ಜನವರಿ 26ರಂದು ರಾಜೇಂದ್ರ ಪ್ರಸಾದ್ ಪ್ರಮಾಣ ಮಾಡಿದ್ದು ಈಗಿನ ರಾಷ್ಟ್ರಪತಿ ಭವನದ ದರ್ಬಾರ್ ಹಾಲ್‌ನಲ್ಲಿ. 2022ರದ್ದು ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲಿ ನಡೆಯಿತು. ಸುಪ್ರೀಂ ಕೋರ್ಟ್ ಮುಖ್ಯ ನ್ಯಾಯಮೂರ್ತಿ ಬೋಧಿಸುತ್ತಾರೆ, 21 ಕುಶಾಲತೋಪು ಹಾರುತ್ತದೆ. ಹಳಬರು, ಹೊಸಬರು ಇಬ್ಬರೂ ಅಲ್ಲೇ, ಎಲ್ಲರ ಎದುರಿಗೇ ಕುರ್ಚಿ ಅದಲುಬದಲು ಮಾಡಿಕೊಳ್ಳುತ್ತಾರೆ. ನನಗೆ ಜಾಸ್ತಿ ಇಷ್ಟವಾಗುವುದು ಇದು. ಜಗಳವಿಲ್ಲ, ಮುನಿಸಿಲ್ಲ, ಒಂದೇ ನಿಮಿಷದಲ್ಲಿ ಅಧಿಕಾರ ಕೈ ಬದಲಾಗುತ್ತದೆ.

ಇನ್ನೊಂದು ವಿಷಯ. ಪ್ರಧಾನಿ ಮತ್ತು ಮಂತ್ರಿಗಳು ಸಂವಿಧಾನಕ್ಕೆ ನಿಷ್ಠರಾಗಿರುತ್ತೇವೆ ಅಂತ ಪ್ರಮಾಣ ಮಾಡುತ್ತಾರೆ. ರಾಷ್ಟ್ರಪತಿ ಮಾತ್ರ, ರಾಜ್ಯಗಳಲ್ಲಿ ರಾಜ್ಯಪಾಲರ ಹಾಗೆ, ಸಂವಿಧಾನವನ್ನು ಕಾಪಾಡುತ್ತೇನೆ ಅನ್ನುತ್ತಾರೆ. ಜೊತೆಗೆ ಜನರ ಸೇವೆಗೆ, ಒಳಿತಿಗೆ ನನ್ನನ್ನು ಮುಡಿಪಾಗಿಡುತ್ತೇನೆ ಅಂತಲೂ ಹೇಳಬೇಕು. ಅಮೆರಿಕದ ಪ್ರಮಾಣದಲ್ಲಿ ಈ ಕೊನೆಯ ಭಾಗ ಇಲ್ಲ.