ಗೋದಾಮು ರಸೀದಿ ಸಾಲ: 90 ಲಕ್ಷ ನಿಮ್ಮ ಹಕ್ಕೂ ಅಲ್ಲ, ಮಿತಿಯೂ ಅಲ್ಲ

ಪ್ರಶ್ನೆ: 240 ಕ್ವಿಂಟಲ್ ತೊಗರಿ ಗೋದಾಮಿನಲ್ಲಿಟ್ಟಿದ್ದೇನೆ. ರಸೀದಿ ಮೇಲೆ 90 ಲಕ್ಷದವರೆಗೆ ಸಾಲ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆಯಂತೆ. ನಮ್ಮ ಬ್ಯಾಂಕಿನವರು ಹನ್ನೊಂದೂ ಮುಕ್ಕಾಲು ಲಕ್ಷಕ್ಕೆ ನಿಲ್ಲಿಸಿದ್ದಾರೆ. ದೂರು ಕೊಡಬಹುದೇ?

ಕೊಡಬೇಡಿ, ಅವರ ಲೆಕ್ಕ ಸರಿಯಾಗಿಯೇ ಇದೆ. ಪ್ರತಿ ಸುಗ್ಗಿಗೂ ಇದೇ ಪ್ರಶ್ನೆ ಬರುತ್ತದೆ, ಹಿಂದೆ ಒಬ್ಬ ದಲ್ಲಾಳಿ ಇದ್ದೇ ಇರುತ್ತಾನೆ. 90 ಲಕ್ಷ ಎಂಬುದು ಆದ್ಯತಾ ವಲಯದ (ಕೃಷಿಯಂಥ ಕ್ಷೇತ್ರಗಳಿಗೆ ಬ್ಯಾಂಕು ಇಂತಿಷ್ಟು ಸಾಲ ಕೊಡಲೇಬೇಕೆಂಬ ಗುರಿಯ) ಲೆಕ್ಕದ ಗೆರೆ. 2025ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ, ರೈತರ ಫಸಲಿನ ಅಡಮಾನದ ಮೇಲೆ 12 ತಿಂಗಳು ಮೀರದ ಸಾಲವನ್ನು ಬ್ಯಾಂಕು ಕೃಷಿ ಸಾಲದ ಲೆಕ್ಕಕ್ಕೆ ಹಾಕಿಕೊಳ್ಳಬಹುದು. ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಬಹುದಾದ ರಸೀದಿಯಾದರೆ (ಅದರ ವಿದ್ಯುನ್ಮಾನ ರೂಪವೇ ಇ-ಎನ್‌ಡಬ್ಲ್ಯುಆರ್) 90 ಲಕ್ಷದವರೆಗೆ, ಬೇರೆ ಗೋದಾಮು ರಸೀದಿಯಾದರೆ 60 ಲಕ್ಷದವರೆಗೆ. ಅದಕ್ಕಿಂತ ಹೆಚ್ಚು ಕೊಡಲು ಬ್ಯಾಂಕಿಗೆ ಅಡ್ಡಿಯಿಲ್ಲ. ಆದ್ಯತಾ ವಲಯದ ಗುರಿಗೆ ಅದು ಲೆಕ್ಕವಾಗುವುದಿಲ್ಲ, ಅಷ್ಟೆ. ಇಷ್ಟು ಕೊಡಲೇಬೇಕು ಎಂದೂ ಅದು ಹೇಳುವುದಿಲ್ಲ.

ನಿಮ್ಮ ಮಿತಿ ಇರುವುದು ನಿಮ್ಮ ಚೀಲಗಳಲ್ಲಿ. ಕ್ವಿಂಟಲಿಗೆ 7,000 ರೂಪಾಯಿ ಹಿಡಿದರೆ ಮಾಲು 16.80 ಲಕ್ಷದ್ದು. ದರ ಇಳಿದರೆ ನಷ್ಟವಾಗದಿರಲೆಂದು ಬ್ಯಾಂಕು ಹಿಡಿದಿಡುವ ಶೇ 30 ಮಾರ್ಜಿನ್ ಕಳೆಯಿರಿ, 11.76 ಲಕ್ಷ ಉಳಿಯುತ್ತದೆ. ಮಾರ್ಜಿನ್ ಎಷ್ಟು ಎಂಬುದು ಆಯಾ ಬ್ಯಾಂಕಿನ ತೀರ್ಮಾನ. ದರ ಹೆಚ್ಚು ಏರಿಳಿಯುವ ಮಾಲಿಗೆ ಹೆಚ್ಚು ಕಡಿತ. ಪೇಟೆ ದರ, ಬೆಂಬಲ ಬೆಲೆ ಎರಡರಲ್ಲಿ ಕಡಿಮೆ ಇರುವುದನ್ನೇ ಹಿಡಿಯುವ ಬ್ಯಾಂಕುಗಳೂ ಇವೆ. ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ.

ಜನ ಎಡವುವುದು ಸಾಲ ಕೈಗೆ ಬಂದ ಮೇಲೆ. ದರ 7,000ದಿಂದ 5,500ಕ್ಕೆ ಇಳಿದರೆ ಮಾಲಿನ ಬೆಲೆ 13.20 ಲಕ್ಷ, ಶೇ 30 ಕಳೆದರೆ 9.24 ಲಕ್ಷ. ಕೊರತೆ ಬಿದ್ದ 2.52 ಲಕ್ಷ ಕಟ್ಟಿ, ಇಲ್ಲವೇ ಮತ್ತಷ್ಟು ಮಾಲು ಇಡಿ ಎಂದು ನೋಟಿಸು ಬರುತ್ತದೆ. ಸುಮ್ಮನಿದ್ದರೆ ಬ್ಯಾಂಕು ಕೋರ್ಟಿನ ಆದೇಶವಿಲ್ಲದೆಯೇ ಮಾಲು ಮಾರಬಹುದು: 1872ರ ಕರಾರು ಕಾಯ್ದೆಯ 176ನೇ ಕಲಮಿನಂತೆ, ಬಾಕಿ ಬಿದ್ದಾಗ ಸಮಂಜಸ ನೋಟಿಸು ಕೊಟ್ಟು ಅಡವಿನ ಮಾಲು ಮಾರುವ ಅಧಿಕಾರ ಅಡವು ಹಿಡಿದವರಿಗಿದೆ. ಮಾರಿಯೂ ಸಾಲದಿದ್ದರೆ ಉಳಿದ ಬಾಕಿ ನಿಮ್ಮ ತಲೆಯ ಮೇಲೆಯೇ. ಹೆಚ್ಚಿಗೆ ಬಂದರೆ ಅದು ನಿಮ್ಮದು. 'ಮಾಲು ಹೋಯಿತು, ಸಾಲ ತೀರಿತು' ಎಂಬ ಕಟ್ಟೆ ಪುರಾಣ ನಂಬಬೇಡಿ.

ರಸೀದಿಯಲ್ಲಿ ತೂಕ, ದರ್ಜೆ, ತೇವಾಂಶ ಓದಿ. ಒದ್ದೆ ತೊಗರಿ ಒಣಗುತ್ತಾ ತೂಕ ಇಳಿಯುತ್ತದೆ, ಜೊತೆಗೆ ಹುಳು ಹಿಡಿದರೆ ದರ್ಜೆಯೂ ಹೋಗುತ್ತದೆ. ರಸೀದಿಯ ಅವಧಿ ಮುಗಿಯುವ ದಿನ ಸಾಲದ ಕೊನೆ ದಿನಕ್ಕಿಂತ ಮೊದಲಿದ್ದರೆ ಆ ಸಾಲ ತೆಗೆದುಕೊಳ್ಳಬೇಡಿ. ವಿಮೆಯಲ್ಲಿ ಬೆಂಕಿಯ ಜೊತೆ ನೆರೆ, ಕಳವೂ ಇದೆಯೇ ನೋಡಿ. ಗೋದಾಮಿನ ಬಾಡಿಗೆ ಬಾಕಿ ತೀರಿಸದೆ ಮಾಲು ಹೊರಬರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ಕಿಸಾನ್ ಕ್ರೆಡಿಟ್ ಕಾರ್ಡಿನ ಬಡ್ಡಿ ದರ ಇದಕ್ಕೂ ಸಿಗುತ್ತದೆಯೇ?

ಕಾರ್ಡು ಇರುವ ಸಣ್ಣ, ಅತಿ ಸಣ್ಣ ರೈತರಿಗೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಸಿಗುತ್ತದೆ. ಗೋದಾಮು ಡಬ್ಲ್ಯುಡಿಆರ್‌ಎ (ಗೋದಾಮುಗಳನ್ನು ನಿಯಂತ್ರಿಸುವ ಕೇಂದ್ರದ ಪ್ರಾಧಿಕಾರ) ನೋಂದಣಿಯದ್ದಾಗಿರಬೇಕು, ರಸೀದಿ ವರ್ಗಾಯಿಸಬಹುದಾದದ್ದಾಗಿರಬೇಕು.

ಪ್ರಶ್ನೆ: ಬ್ಯಾಂಕಿಗೆ ಅಡವಿಟ್ಟ ಮಾಲಿಗೆ ಸರ್ಕಾರದ ದಾಸ್ತಾನು ಮಿತಿ (ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ಗೆರೆ) ಇಲ್ಲವಂತೆ?

ಸರ್ಕಾರ ಮಿತಿ ಹಾಕಿದಾಗ, ವ್ಯಾಪಾರಿಯಾದರೆ ಅಡವಿಟ್ಟ ಮಾಲೂ ಅದರ ಲೆಕ್ಕಕ್ಕೆ ಬರುತ್ತದೆ. ಅಡವಿಟ್ಟರೂ ಮಾಲಿನ ಒಡೆಯ ನೀವೇ. 2023ರ ಜೂನ್‌ನಲ್ಲಿ ತೊಗರಿಗೆ ಮಿತಿ ಹಾಕಿದಾಗ ಸಗಟು ವ್ಯಾಪಾರಿಗೆ 200 ಟನ್, ಚಿಲ್ಲರೆಯವನಿಗೆ 5 ಟನ್ ಇತ್ತು.

ಪ್ರಶ್ನೆ: ಶೇ 2 ಕಮಿಷನ್ ಕೊಟ್ಟರೆ ಮಾಲಿಲ್ಲದೆಯೇ ರಸೀದಿ ಮಾಡಿಸಿಕೊಡುತ್ತಾರೆ. ಪರವಾಗಿಲ್ಲವೇ?

ಅದು ವಂಚನೆ. ಸಹಿ ನಿಮ್ಮದು, ಜೈಲಿಗೆ ಹೋಗುವವರೂ ನೀವೇ.