ಪ್ರತಿಕ್ರಿಯೆ: ಮೂರು ಸಿಂಹ ಬಿಟ್ಟರೂ 3ನೇ ಲೆವೆಲ್ಲಿನ ಆಟಗಾರರು ಹೆದರಲಿಲ್ಲ, ಯಾಕೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಆಟ) ನಡೆಸುವಾಗ ಮೂರು ಸಿಂಹಗಳನ್ನು ಬಿಟ್ಟರೂ ಆಟಗಾರರು ಯಾಕೆ ಹೆದರಲಿಲ್ಲ ಅಂತ ಕೇಳಿದ್ದೀರಿ. ಸಿಂಹದ ಅಂಕಿಗಳಲ್ಲಿ ತಪ್ಪಿಲ್ಲ. ನೀವು ಅವನ್ನು 10 ಅಡಿ ದೂರದಲ್ಲಿ ಬಯಲಲ್ಲೇ ನಿಲ್ಲಿಸಿದ್ದೀರಿ, ಎಡವಟ್ಟಾಗಿದ್ದು ಅಲ್ಲೇ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿಯ (2014) ಸಿಂಹಕ್ಕಿರುವುದು 26 ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯಬಲ್ಲದು ಎಂಬ ಲೆಕ್ಕ), ಆರ್ಮರ್ ಕ್ಲಾಸ್ (ಏಟು ತಾಗಿಸಲು ದಾಳದಲ್ಲಿ ಮುಟ್ಟಬೇಕಾದ ಅಂಕಿ) ಬರೀ 12. ಎದುರಾಬದುರು ನಿಂತರೆ ಉಳಿಯೋದಿಲ್ಲ.

ಅದರ ಬಲವೆಲ್ಲ ಮೇಲೆರಗುವ ದಾಳಿಯಾದ ಪೌನ್ಸ್‌ನಲ್ಲಿದೆ. ಕನಿಷ್ಠ 20 ಅಡಿ ನೇರವಾಗಿ ಓಡಿಬಂದು *ಪಂಜದಿಂದ* ಹೊಡೆಯಬೇಕು. ಗುರಿಯಾದವರು 13ರ ಸ್ಟ್ರೆಂತ್ ಸೇವ್ (ಮೈಬಲ ಸೇರಿಸಿ ದಾಳದಲ್ಲಿ 13 ಮುಟ್ಟಬೇಕಾದ ಪರೀಕ್ಷೆ) ತಪ್ಪಿದರೆ ನೆಲಕ್ಕೆ ಬೀಳುತ್ತಾರೆ, ಆಗ ಅದೇ ಸರದಿಯಲ್ಲಿ ಸಿಗುವ ಹೆಚ್ಚುವರಿ ಅವಕಾಶವಾದ ಬೋನಸ್ ಆಕ್ಷನ್‌ನಲ್ಲಿ ಕಚ್ಚಬಹುದು, ಅದೂ ಅಡ್ವಾಂಟೇಜ್ (ದಾಳ ಎರಡು ಸಲ ಉರುಳಿಸಿ ದೊಡ್ಡ ಅಂಕಿ ಇಟ್ಟುಕೊಳ್ಳುವುದು) ಸಮೇತ. ಕಚ್ಚುವುದಕ್ಕೆ ದೊಡ್ಡ ದಾಳ ಇದೆ ಅಂತ ಮೊದಲೇ ಕಚ್ಚಿಸಿದರೆ ಇದ್ಯಾವುದೂ ಸಿಗದು. ಬಹಳ ಜನ ಮಾಡುವ ತಪ್ಪು ಇದು.

ಹಾಗಾಗಿ ಎತ್ತರದ ಹುಲ್ಲಿನಲ್ಲಿ 40 ಅಡಿ ಆಚೆ ಅಡಗಿಸಿಡಿ. ಸ್ಟೆಲ್ತ್ (ಅಡಗುವ ಕೌಶಲ) +6 ಇದೆ, ಆಟಗಾರರ ಪ್ಯಾಸಿವ್ ಪರ್ಸೆಪ್ಶನ್ (ದಾಳ ಉರುಳಿಸದೆಯೇ ಗಮನಿಸುವ ಅಂಕಿ) ದಾಟುವುದು ಕಷ್ಟವಲ್ಲ. ಎರಡು ಸಿಂಹ ಹಿಂದಿರುವ ಮಂತ್ರವಾದಿಯೊಬ್ಬನ ಮೇಲೇ ಬೀಳಲಿ. ಎರಡನೆಯದಕ್ಕೆ, ಜೊತೆಗಾರ ಗುರಿಯ ಪಕ್ಕದಲ್ಲಿದ್ದಾಗ ಒದಗುವ ಪ್ಯಾಕ್ ಟ್ಯಾಕ್ಟಿಕ್ಸ್‌ನಿಂದ ಪಂಜಕ್ಕೂ ಅಡ್ವಾಂಟೇಜ್. ಮೂರನೆಯದು ಮುಂದಿನ ಸುತ್ತಿನವರೆಗೆ ಕಾಯಲಿ. ಆಗಲೇ ಆಟಗಾರರು ಚದುರಿರುತ್ತಾರೆ. ಅರ್ಧ ಹಿಟ್ ಪಾಯಿಂಟ್ ಹೋದ ಸಿಂಹ ಓಡಿಹೋಗಲಿ, ಸಾಯುವ ತನಕ ಕಾದಾಡಲು ಅದೇನು ಕಾವಲು ಸೈನಿಕನಲ್ಲ.

ರಾತ್ರಿಯ ದಾಳಿಯಾದರೆ ಹುಲಿಯನ್ನೇ ತನ್ನಿ: ಅದಕ್ಕೆ 60 ಅಡಿಯವರೆಗೆ ಕತ್ತಲಲ್ಲೂ ಕಾಣುವ ಡಾರ್ಕ್‌ವಿಷನ್ ಇದೆ, ಸಿಂಹಕ್ಕಿಲ್ಲ. ಆದರೆ ಹುಲಿಗೆ ಪ್ಯಾಕ್ ಟ್ಯಾಕ್ಟಿಕ್ಸ್ ಇಲ್ಲ, ಒಂಟಿಯಾಗಿಯೇ ಆಡಿಸಿ.