ಕಾಫಿ ಹುರಿಯುವ ಉದ್ಯಮಕ್ಕಾಗಿ ಇಂಜಿನಿಯರಿಂಗ್ ಬಿಡಬಹುದೇ?

ಇಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದೀರಿ, ಮನೆಯಲ್ಲೇ ಕಾಫಿ ಬೀಜ ಹುರಿದು ಗೆಳೆಯರಿಗೆ ಕೊಡುತ್ತೀರಿ, ಎಲ್ಲರೂ ಮೆಚ್ಚಿದ್ದಾರೆ, ಕಾಲೇಜು ಬಿಟ್ಟು ಸ್ವಂತ ಬ್ರ್ಯಾಂಡ್ ಶುರುಮಾಡಲೇ ಎಂದು ಕೇಳಿದ್ದೀರಿ. ನನ್ನ ಉತ್ತರ: ಕಾಫಿ ಈ ತಿಂಗಳೇ ಶುರುಮಾಡಿ, ಕಾಲೇಜು ಈಗಲೇ ಬಿಡಬೇಡಿ. ತಿಂಗಳಿಗೆ 100 ಕಿಲೋ ಮುಟ್ಟುವ ತನಕ ಈ ಕೆಲಸಕ್ಕೆ ಪೂರ್ತಿ ಸಮಯ ಕೊಡುವ ಆಳು ಬೇಕಿಲ್ಲ.

ಲೆಕ್ಕ ನೋಡಿ. ಒಂದು ಕಿಲೋ ಸಾಮರ್ಥ್ಯದ ಡ್ರಮ್ ರೋಸ್ಟರ್‌ಗೆ (ಹುರಿಯುವ ಯಂತ್ರ) 800 ಗ್ರಾಂ ಹಸಿರು, ಅಂದರೆ ಹುರಿಯದ, ಬೀಜ ಹಾಕಿದರೆ ಹುರಿತ ಸಮವಾಗಿ ಬರುತ್ತದೆ. ಮಧ್ಯಮ ಹುರಿತದಲ್ಲಿ ತೂಕ ಸುಮಾರು 15% ಇಳಿದು 680 ಗ್ರಾಂ ಕೈಗೆ ಸಿಗುತ್ತದೆ. ಹುರಿಯುವುದು, ತಣಿಸುವುದು, ಡ್ರಮ್ಮನ್ನು ಮತ್ತೆ ಅದೇ ಶಾಖಕ್ಕೆ ತರುವುದು ಸೇರಿ ಗಂಟೆಗೆ ಮೂರು ಬ್ಯಾಚ್ ಆರಾಮಾಗಿ ಆಗುತ್ತವೆ, ಅಂದರೆ ಎರಡು ಕಿಲೋ. 100 ಕಿಲೋಗೆ 50 ಗಂಟೆ, ನಾಲ್ಕು ಶನಿವಾರ-ಭಾನುವಾರಗಳಲ್ಲಿ ಮುಗಿಯುತ್ತದೆ. ಪುಡಿ ಮಾಡಿ ಪ್ಯಾಕ್ ಮಾಡುವುದಕ್ಕೆ ಸಂಜೆಗಳು ಸಾಕು. ಮೊದಲ ಆರು ತಿಂಗಳು ಯಂತ್ರವನ್ನೂ ಕೊಳ್ಳಬೇಡಿ. ಕಿಲೋಗೆ ಇಷ್ಟು ಎಂದು ಕೂಲಿ ಪಡೆದು ಹುರಿದುಕೊಡುವ ಘಟಕಗಳಿವೆ, ಅಲ್ಲಿ ನಿಂತು ನಿಮ್ಮ ಬೀಜ ಹುರಿಸಿಕೊಳ್ಳಿ.

ಈಗ ದುಡ್ಡಿನ ಮಾತು. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಉದಾಹರಣೆಗೆ ಹಸಿರು ಬೀಜ ಕಿಲೋಗೆ 500 ರೂಪಾಯಿ ಎಂದುಕೊಳ್ಳಿ. ತೂಕ ಇಳಿದ ಮೇಲೆ ಹುರಿದ ಕಿಲೋಗೆ 588 ಬೀಳುತ್ತದೆ, ಕಾಲು ಕಿಲೋಗೆ 147. ವಾಲ್ವ್ ಇರುವ ಪೌಚ್ ಮತ್ತು ಲೇಬಲ್‌ಗೆ 20, ಗ್ಯಾಸ್, ಕರೆಂಟ್, ಪುಡಿ ಮಾಡಿದ್ದಕ್ಕೆ 8 ಇಟ್ಟರೆ 175 ಆಯಿತು. ಎಂಆರ್‌ಪಿ 250 ಹಾಕಿ ಅಂಗಡಿಗೆ ಕೊಟ್ಟಿರಿ, ಅವರು 25% ಇಟ್ಟುಕೊಂಡರು. ನಿಮಗೆ ಬಂದದ್ದು 187, ಉಳಿದದ್ದು 12 ರೂಪಾಯಿ. ಜಿಎಸ್‌ಟಿ ಕಟ್ಟಬೇಕಾದರೆ ಅದು, ಬಾಡಿಗೆ, ಹಾಳಾದ ಬ್ಯಾಚ್ ಎಲ್ಲ ಇದರೊಳಗೇ ತೂರಬೇಕು, ತೂರುವುದಿಲ್ಲ. ಕೊರಿಯರ್‌ನಲ್ಲಿ ಕಾಲು ಕಿಲೋ ಕಳಿಸಿದರೂ ಅದೇ ಗತಿ. ಆದ್ದರಿಂದ ಮೊದಲ ಗಿರಾಕಿಗಳು ನಿಮ್ಮ ಬಡಾವಣೆಯ ಮನೆಗಳಾಗಿರಲಿ, ಅರ್ಧ ಅಥವಾ ಒಂದು ಕಿಲೋ ಪ್ಯಾಕ್ ಮಾಡಿ ನೇರವಾಗಿ ಕೊಡಿ. ಅಂಗಡಿ, ದರ್ಶಿನಿಗಳಿಗೆ ಉದ್ರಿ ಕೊಡುವ ಮುನ್ನ ಹತ್ತು ಸಲ ಯೋಚಿಸಿ: ಒಂದೆರಡು ತಿಂಗಳ ಉದ್ರಿ ನಿಂತರೆ ಮುಂದಿನ ಮೂಟೆಗೆ ಕೈಯಲ್ಲಿ ಕಾಸಿರುವುದಿಲ್ಲ.

ಅದೂ ಅಲ್ಲದೆ ಕರ್ನಾಟಕದಲ್ಲಿ ಅರೇಬಿಕಾ ಜಾತಿಯ ಕಾಫಿ ಕೊಯ್ಲು ಹೆಚ್ಚಾಗಿ ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಒಂದೇ ತೋಟದ ಬೀಜ ವರ್ಷವಿಡೀ ಬೇಕೆಂದರೆ ಆಗಲೇ ದುಡ್ಡು ಕೊಟ್ಟು ಹಿಡಿದಿಡಬೇಕು. ಸಣ್ಣ ಘಟಕಗಳು ಬಹಳಷ್ಟು ಸಲ ಮುಚ್ಚುವುದು ರುಚಿ ಕೆಟ್ಟು ಅಲ್ಲ, ಈ ದುಡಿಯುವ ಬಂಡವಾಳ ಸಾಲದೆ.

ಹಸಿರು ಬೀಜದ ತೇವಾಂಶ 10–12% ಇರಬೇಕು. ಮಳೆಗಾಲದಲ್ಲಿ ಬರಿ ಗೋಣಿಚೀಲದಲ್ಲಿಟ್ಟರೆ ತೇವ ಏರಿ ಬೂಸಲು ವಾಸನೆ ಬರುತ್ತದೆ, ಒಳಗೆ ಗಾಳಿಯಾಡದ ಲೈನರ್ ಹಾಕಿ ಹಲಗೆಯ ಮೇಲಿಡಿ. ಹುರಿಯುವಾಗ ಮೊದಲ ಬ್ಯಾಚ್ ತಣ್ಣಗಿನ ಡ್ರಮ್‌ಗೆ, ಐದನೆಯದು ಕಾದ ಡ್ರಮ್‌ಗೆ ಬಿದ್ದರೆ ಅದೇ ಬೀಜ ಎರಡು ರುಚಿ ಕೊಡುತ್ತದೆ. ಬೀಜ ಹಾಕುವ ಶಾಖ, ಮೊದಲ ಸಿಡಿತದ (ಕಾದ ಬೀಜ ಚಟಪಟ ಸಿಡಿಯಲು ಶುರುವಾಗುವ) ಸಮಯ, ಇಳಿಸಿದ ಶಾಖ, ಕೊನೆಯ ತೂಕ, ಈ ನಾಲ್ಕನ್ನು ಪ್ರತಿ ಬ್ಯಾಚ್‌ಗೂ ಬರೆದಿಡಿ. ತೂಕ ಇಳಿಕೆ ಒಂದು ಬ್ಯಾಚ್‌ನಲ್ಲಿ 15, ಇನ್ನೊಂದರಲ್ಲಿ 18% ಬಂದರೆ ಅವೆರಡನ್ನೂ ಒಂದೇ ಹೆಸರಿನಲ್ಲಿ ಮಾರಬೇಡಿ. ಹುರಿದ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ವಾಲ್ವ್ ಇಲ್ಲದ ಪೌಚ್‌ಗೆ ಅಂದೇ ತುಂಬಿದರೆ ಊದಿ ಒಡೆಯಬಹುದು. ಹುರಿಯುವಾಗ ಬೀಜದಿಂದ ಉದುರುವ ಹೊಟ್ಟು ಸೇರುವ ಡಬ್ಬಿಯನ್ನು ದಿನವೂ ಖಾಲಿ ಮಾಡದಿದ್ದರೆ ಬೆಂಕಿ ಹತ್ತಬಹುದು. ಮನೆಗಳ ನಡುವೆ ಘಟಕ ಹಾಕಿದರೆ ಹೊಗೆಯ ಜಗಳ ಬಂದೇ ಬರುತ್ತದೆ.

ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಬೇಡ ಎನ್ನುವ ಹಟ ನಿಮಗಿದ್ದರೆ ಅದು ಒಳ್ಳೆಯದೇ, ಆದರೆ ಫಿಲ್ಟರ್ ಕಾಫಿ ಮನೆಗಳಲ್ಲಿ ಬಹುಪಾಲು ಕೇಳುವುದು 80:20 ಅಥವಾ 70:30ರ ಕಾಫಿ-ಚಿಕೋರಿ ಮಿಶ್ರಣ. ಬೆರೆಸಿದರೆ ಕಾಫಿ 51%ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವೂ ಲೇಬಲ್ ಮೇಲಿರಬೇಕು. ಚಿಕೋರಿ ತೇವ ಬೇಗ ಹೀರಿ ಗಂಟುಕಟ್ಟುವುದರಿಂದ ಮಳೆಗಾಲದಲ್ಲಿ ಬೇಕಾದಷ್ಟೇ ಬೆರೆಸಿ.

ಕಾಗದಪತ್ರ ಕಷ್ಟವಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ, ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್, ಸಣ್ಣ ಉದ್ಯಮಗಳಿಗೆ ಉಚಿತವಾಗಿ ಸಿಗುವ ಉದ್ಯಮ್ ನೋಂದಣಿ. ರಾಜ್ಯದೊಳಗೆ ಮಾತ್ರ ಮಾರಿದರೆ ವರ್ಷಕ್ಕೆ 40 ಲಕ್ಷ ವಹಿವಾಟಿನ ತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಹೊರರಾಜ್ಯಕ್ಕೆ ಒಂದು ಪೊಟ್ಟಣ ಮಾರಿದರೂ ಬೇಕು.

ಹಾಗಾದರೆ ಬಿಡುವುದು ಯಾವಾಗ? ಸತತ ಆರು ತಿಂಗಳು, ಪ್ರತಿ ತಿಂಗಳೂ 100 ಕಿಲೋ ಮಾರಿರಬೇಕು, ಅರ್ಧಕ್ಕಿಂತ ಹೆಚ್ಚು ಮತ್ತೆ ಮತ್ತೆ ಕೊಳ್ಳುವವರಿಂದಲೇ ಬಂದಿರಬೇಕು, ನಿಮಗೆ ಸಮಯವಿಲ್ಲದೆ ಆರ್ಡರ್ ಕೈಬಿಡುತ್ತಿರಬೇಕು. ಕಿಲೋಗೆ ಎಲ್ಲ ಕಳೆದು 150 ಉಳಿದರೂ 100 ಕಿಲೋಗೆ 15,000 ಅಷ್ಟೇ, ಅದರಲ್ಲಿ ಮನೆ ಬಾಡಿಗೆ ಕಟ್ಟಿ ಬದುಕುವುದು ಕಷ್ಟ. ತಿಂಗಳಿಗೆ 250 ಕಿಲೋ ಕಣ್ಣಿಗೆ ಕಾಣುತ್ತಿದ್ದರೆ ಧೈರ್ಯ ಮಾಡಿ.

ಆಗಲೂ ಟಿಸಿ ತೆಗೆದುಕೊಳ್ಳುವ ಮುಂಚೆ ತಾತ್ಕಾಲಿಕವಾಗಿ ಓದು ನಿಲ್ಲಿಸುವ ನಿಯಮವನ್ನು ಕಾಲೇಜಿನಲ್ಲಿ ಲಿಖಿತವಾಗಿ ಕೇಳಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ನಾಲ್ಕು ವರ್ಷದ ಬಿಇ ಮುಗಿಸಲು ಎಂಟು ವರ್ಷ ಅವಕಾಶವಿದೆ. ಶಿಕ್ಷಣ ಸಾಲವಿದ್ದರೆ ಓದು ನಿಲ್ಲಿಸಿದಾಗ ಕಂತು ಬೇಗ ಶುರುವಾಗಬಹುದು, ಬ್ಯಾಂಕಿನಲ್ಲಿ ವಿಚಾರಿಸಿ. ಇನ್ನೊಂದು: ಕಾಫಿ ಬೋರ್ಡ್‌ನ ಕಾಫಿ ಗುಣಮಟ್ಟದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಪದವಿ ಬೇಕು, ಯಾವ ವಿಷಯದ ಪದವಿ ಆಗುತ್ತದೆ ಎಂದು ಅವರನ್ನೇ ಕೇಳಿ. ಅವರದೇ 'ಕಾಪಿ ಶಾಸ್ತ್ರ' ಎಂಬ ಸಣ್ಣ ತರಬೇತಿಯಲ್ಲಿ ಹುರಿಯುವುದನ್ನೂ ಕಾಫಿ ಇಳಿಸುವುದನ್ನೂ ಕಲಿಸುತ್ತಾರೆ, ಮುಂದಿನ ಸೆಮಿಸ್ಟರ್ ರಜೆಗೆ ಸರಿಯಾಗಿ ಬಂದರೆ ಅದಕ್ಕೆ ಹೆಸರು ಕೊಡಿ.